ಅಂತೆಕಂತೆ ಬಿಟ್ಟು ಕಾಗದ ತೆರೆಯಿರಿ: ನಷ್ಟದ ಗಾಂಜಾ ಕಂಪನಿಯನ್ನು ಓದುವ ಬಗೆ

“ಡೈರೆಕ್ಟರೇ ಷೇರು ಮಾರ್ತಿದ್ದಾರಂತೆ.” ಕುಂಟುತ್ತಿರುವ ಕಂಪನಿಯ ಷೇರು ಹಿಡಿದುಕೊಂಡವರಿಗೆ ಇಷ್ಟು ಮಾತು ಸಾಕು, ಆ ರಾತ್ರಿ ನಿದ್ದೆ ಇಲ್ಲ. ಇದರ ಉಲ್ಟಾ ಮಾತೂ ಇದೆ: “ಒಳಗಿನವರೇ ಕೊಳ್ತಿದ್ದಾರಂತೆ, ಏನೋ ಒಳ್ಳೇ ಸುದ್ದಿ ಬರುತ್ತೆ.” ಇದು ಇನ್ನೂ ಅಪಾಯ. ಮೊದಲನೆಯದು ನಿದ್ದೆ ಕೆಡಿಸುತ್ತದೆ, ಎರಡನೆಯದು ಕೈಯಲ್ಲಿ ಉಳಿದ ದುಡ್ಡನ್ನೂ ಹಾಕಿಸುತ್ತದೆ.

ನನಗೆ ಆಗಿದ್ದು ಎರಡನೆಯದು. ನಾನು ಇರುವುದು ಟೊರಾಂಟೊ ಪಕ್ಕದಲ್ಲಿ. 2018ರ ಅಕ್ಟೋಬರ್ 17ರಂದು ಕೆನಡಾದಲ್ಲಿ ವಯಸ್ಕರ ಬಳಕೆಗೆ ಗಾಂಜಾ ಕಾನೂನುಬದ್ಧವಾಯಿತು. ಅದಕ್ಕೂ ಮುಂಚೆಯೇ ಮಾರುಕಟ್ಟೆ ಹುಚ್ಚೆದ್ದಿತ್ತು. ಆ ವರ್ಷ ಆಗಸ್ಟ್‌ನಲ್ಲಿ ಕಾನ್‌ಸ್ಟೆಲೇಷನ್ ಬ್ರ್ಯಾಂಡ್ಸ್ ಎಂಬ ಮದ್ಯದ ಕಂಪನಿ, ಕ್ಯಾನಪಿ ಗ್ರೋತ್ ಎಂಬ ಗಾಂಜಾ ಕಂಪನಿಗೆ 500 ಕೋಟಿ ಕೆನಡಾ ಡಾಲರ್ ಹಾಕುವುದಾಗಿ ಹೇಳಿತು. ಜುಲೈನಲ್ಲಿ 17 ಡಾಲರ್‌ಗೆ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಗೆ ಬಂದ ಟಿಲ್‌ರೇ ಎಂಬ ಇನ್ನೊಂದು ಗಾಂಜಾ ಕಂಪನಿಯ ಷೇರು ಸೆಪ್ಟೆಂಬರ್‌ನಲ್ಲಿ ಒಂದು ಗಳಿಗೆ 300 ಡಾಲರ್ ಮುಟ್ಟಿತು. ನಾನೂ ಒಂದು ಕಂಪನಿಯ ಷೇರು ಕೊಂಡೆ. ಮರುವರ್ಷ ಅದರ ಬೆಲೆ ಅರ್ಧಕ್ಕಿಂತ ಕೆಳಗೆ ಬಂತು. ಆಗ ಅದರ ಅಧಿಕಾರಿಯೊಬ್ಬರ ಹೆಸರಿನ ಮುಂದೆ ಸಾವಿರಾರು ಷೇರು ಹೊಸದಾಗಿ ಸೇರಿದ್ದನ್ನು ನೋಡಿದೆ. ಅವರೇ ಕೊಳ್ಳುತ್ತಿದ್ದಾರೆ ಅಂದುಕೊಂಡು ನಾನೂ ಇನ್ನಷ್ಟು ಕೊಂಡೆ. ಅವರು ಒಂದು ಡಾಲರನ್ನೂ ಕೊಟ್ಟಿರಲಿಲ್ಲ. ಅದು ಸಂಬಳದ ಭಾಗವಾಗಿ ಕಂಪನಿಯೇ ಕೊಟ್ಟ ಷೇರು. ಆ ಸಾಲಿನ ಪಕ್ಕದಲ್ಲೇ ಒಂದು ಕೋಡ್ ಇತ್ತು. ಅದನ್ನು ಓದಲು ನನಗೆ ಬರುತ್ತಿರಲಿಲ್ಲ.

ಆ ಕಂಪನಿಯ ಹೆಸರು ಇಲ್ಲಿ ಬೇಡ. ಅದಾದ ಮೇಲೆ ಕಲಿತ ಕ್ರಮವನ್ನು ಹೇಳುತ್ತೇನೆ. ಒಂದು ಶನಿವಾರದ ಬೆಳಗ್ಗೆ ಸಾಕು. ಎಲ್ಲ ಕಾಗದವೂ ಪುಕ್ಕಟೆಯಾಗಿ ಸಿಗುತ್ತದೆ.

ಹೆಜ್ಜೆ 1: ಕೇಳಿದ ಮಾತನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

ಯಾರು, ಯಾವಾಗ, ಎಷ್ಟು ಷೇರು, ಯಾವ ಬೆಲೆಗೆ. ಈ ನಾಲ್ಕರಲ್ಲಿ ಎಷ್ಟಕ್ಕೆ ಉತ್ತರ ಇದೆ ನೋಡಿ. ಒಂದಕ್ಕೂ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಬರೀ ಗಾಳಿಮಾತು.

ಇಲ್ಲೇ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಇನ್‌ಸೈಡರ್ ಟ್ರೇಡಿಂಗ್ ಎಂದ ಕೂಡಲೇ ಅಪರಾಧ ಅಂತ ಅನಿಸುತ್ತದೆ. ಆದರೆ ಡೈರೆಕ್ಟರ್, ಸಿಇಒ, ದೊಡ್ಡ ಷೇರುದಾರ ತಮ್ಮ ಕಂಪನಿಯ ಷೇರನ್ನು ಕೊಳ್ಳುವುದು ಮಾರುವುದು ಅಪರಾಧವಲ್ಲ. ಹೊರಗೆ ಯಾರಿಗೂ ಗೊತ್ತಿಲ್ಲದ, ಬೆಲೆಯನ್ನು ಅಲುಗಾಡಿಸಬಲ್ಲ ಮಾಹಿತಿ ಇಟ್ಟುಕೊಂಡು ಹಾಗೆ ಮಾಡುವುದು ಅಪರಾಧ. ಕೊಂಡಾಗ ಮಾರಿದಾಗ ಗಡುವಿನೊಳಗೆ ತಿಳಿಸದೆ ಇರುವುದೂ ತಪ್ಪೇ. ಭಾರತದಲ್ಲಿ ಷೇರುಪೇಟೆ ನಿಯಂತ್ರಕ ಸೆಬಿಯ 2015ರ ನಿಯಮ ಹೇಳುವುದೂ ಇದನ್ನೇ. ಅಲ್ಲಿ ಒಂದು ತ್ರೈಮಾಸಿಕದಲ್ಲಿ ವ್ಯವಹಾರ 10 ಲಕ್ಷ ರೂಪಾಯಿ ದಾಟಿದರೆ ಎರಡು ವಹಿವಾಟು ದಿನದೊಳಗೆ ಕಂಪನಿಗೆ ತಿಳಿಸಬೇಕು.

ಹಾಗಾಗಿ ಕಾಗದದಲ್ಲಿ ನಿಮಗೆ ಕಾಣುವುದೆಲ್ಲ, ತಾವೇ ಬರೆದು ಕೊಟ್ಟ ವ್ಯವಹಾರ. ಕಳ್ಳ ವ್ಯವಹಾರ ಮಾಡುವವನು ಫಾರ್ಮ್ ತುಂಬಿ ಕೊಡುವುದಿಲ್ಲ, ಅಲ್ವಾ?

ಹೆಜ್ಜೆ 2: ಕಾಗದ ಎಲ್ಲಿದೆ ಎಂದು ತಿಳಿದುಕೊಳ್ಳಿ

ಗಾಂಜಾ ಕಂಪನಿಗಳ ವಿಷಯದಲ್ಲಿ ಇದೇ ಮೊದಲ ತೊಡಕು. ಕೆನಡಾದ ಕಂಪನಿಗಳು ಟೊರಾಂಟೊದಲ್ಲೂ ನ್ಯೂಯಾರ್ಕ್‌ನಲ್ಲೂ ಲಿಸ್ಟ್ ಆಗಿರುತ್ತವೆ. ಅಮೆರಿಕದ ಒಳಗೆ ಗಾಂಜಾ ಬೆಳೆದು ಮಾರುವ ಕಂಪನಿಗಳು ಇನ್ನೂ ವಿಚಿತ್ರ. ಅಲ್ಲಿನ ಒಕ್ಕೂಟ ಕಾನೂನು ಗಾಂಜಾವನ್ನು ಒಪ್ಪದ ಕಾರಣ ನ್ಯೂಯಾರ್ಕ್ ಷೇರುಪೇಟೆ, ನ್ಯಾಸ್‌ಡ್ಯಾಕ್ ಎರಡೂ ಅವನ್ನು ಹೊರಗೇ ಇಟ್ಟವು. ಅವು ಗಡಿ ದಾಟಿ ಕೆನಡಿಯನ್ ಸೆಕ್ಯುರಿಟೀಸ್ ಎಕ್ಸ್‌ಚೇಂಜ್‌ನಲ್ಲಿ ಲಿಸ್ಟ್ ಆದವು.

ಅಮೆರಿಕದ ಕಾಗದಗಳಿಗೆ ಎಡ್ಗರ್ ಎಂಬ ಸರ್ಕಾರಿ ತಾಣ. ಕೆನಡಾದಲ್ಲಿ ಎರಡು ತಾಣ ಇವೆ. ಕಂಪನಿಯ ಲೆಕ್ಕಪತ್ರಗಳಿಗೆ ಸೆಡಾರ್ ಪ್ಲಸ್, ಒಳಗಿನವರ ವ್ಯವಹಾರಕ್ಕೆ ಸೆಡಿ. ಹೆಸರು ಒಂದೇ ಥರ ಇವೆ, ಕೆಲಸ ಬೇರೆ. ಸೆಡಿಯಲ್ಲಿ ಸಾರ್ವಜನಿಕ ಫೈಲಿಂಗ್ ನೋಡುವ ಭಾಗಕ್ಕೆ ಹೋಗಿ ‘ಇನ್‌ಸೈಡರ್ ಟ್ರಾನ್ಸಾಕ್ಷನ್ ಡೀಟೇಲ್’ ವರದಿ ಆರಿಸಿಕೊಳ್ಳಿ. ಕಂಪನಿಯ ಹೆಸರು ಕೊಟ್ಟು, ದಿನಾಂಕ ಒಂದು ವರ್ಷ ಹಿಂದಕ್ಕೆ ಇಡಿ. ತಾಣ ಹಳೇ ಕಾಲದ್ದು, ನಿಧಾನ. ಸ್ವಲ್ಪ ತಾಳ್ಮೆ ಬೇಕು.

ಟಿಲ್‌ರೇ, ಕ್ಯಾನಪಿಯಂಥ ಕೆಲವು ಕಂಪನಿಗಳು ಅಮೆರಿಕದ ಸ್ವಂತ ಕಂಪನಿಗಳ ಹಾಗೆಯೇ ವರದಿ ಕೊಡುತ್ತವೆ. ಅವುಗಳ ಒಳಗಿನವರ ವ್ಯವಹಾರ ಎಡ್ಗರ್‌ನಲ್ಲಿ ‘ಫಾರ್ಮ್ 4’ ಎಂಬ ಹೆಸರಿನಲ್ಲಿ ಸಿಗುತ್ತದೆ. ಹಾಗಾಗಿ ಒಂದು ಕಡೆ ಕಾಣಲಿಲ್ಲ ಎಂದು ಕೈಬಿಡಬೇಡಿ, ಎರಡೂ ಕಡೆ ಹುಡುಕಿ.

ಗಡುವು ನೆನಪಿರಲಿ. ಫಾರ್ಮ್ 4 ವ್ಯವಹಾರ ಆದ ಎರಡು ಕೆಲಸದ ದಿನಗಳೊಳಗೆ ಬರಬೇಕು. ಸೆಡಿಗೆ ಐದು ದಿನ. ‘ನಿನ್ನೆ ಮಾರಿದರಂತೆ’ ಎಂದು ಯಾರಾದರೂ ಹೇಳಿದರೆ ಒಂದು ವಾರ ಕಾಯಿರಿ. ಅಷ್ಟರೊಳಗೆ ಕಾಗದ ಬರದಿದ್ದರೆ ಆ ಮಾತನ್ನು ಪಕ್ಕಕ್ಕಿಡಿ.

ಹೆಜ್ಜೆ 3: ಕೋಡ್ ಓದಿ

ನಾನು ತಪ್ಪಿದ್ದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಫಾರ್ಮ್ 4ರಲ್ಲಿ ಎರಡು ಕೋಷ್ಟಕ ಇರುತ್ತವೆ. ಮೇಲಿನದು ನೇರ ಷೇರುಗಳದ್ದು. ಕೆಳಗಿನದು ಆಪ್ಷನ್, ವಾರಂಟ್ ಇತ್ಯಾದಿ, ಅಂದರೆ ಮುಂದೆ ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕಿನಂಥವುಗಳದ್ದು. ಪ್ರತಿ ಸಾಲಿಗೂ ಒಂದಕ್ಷರದ ಕೋಡ್ ಇರುತ್ತದೆ. ‘ಪಿ’ ಎಂದರೆ ಸ್ವಂತ ದುಡ್ಡು ಕೊಟ್ಟು ಕೊಂಡದ್ದು. ‘ಎಸ್’ ಎಂದರೆ ಮಾರಿದ್ದು. ‘ಎ’ ಎಂದರೆ ಕಂಪನಿ ಕೊಟ್ಟದ್ದು. ‘ಎಂ’ ಎಂದರೆ ಹಳೆಯ ಆಪ್ಷನ್‌ನಂಥದ್ದನ್ನು ಷೇರಾಗಿ ಬದಲಿಸಿಕೊಂಡದ್ದು. ‘ಎಫ್’ ಎಂದರೆ ತೆರಿಗೆಗಾಗಿ ಕಂಪನಿಯೇ ಹಿಡಿದುಕೊಂಡದ್ದು. ‘ಜಿ’ ಎಂದರೆ ದಾನ.

ಇವುಗಳಲ್ಲಿ ‘ಪಿ’ ಒಂದಕ್ಕೇ ನಾನು ಪೂರ್ತಿ ಬೆಲೆ ಕೊಡುವುದು. ಜೇಬಿನಿಂದ ದುಡ್ಡು ಹೋಗಿದೆ, ಬಹುಪಾಲು ಸಲ ಪೇಟೆಯ ಬೆಲೆಗೇ ಕೊಂಡಿರುತ್ತಾರೆ. ‘ಎ’ ಕೊಳ್ಳುವಿಕೆಯೇ ಅಲ್ಲ. ಅದು ಸಂಬಳ. ‘ಎಫ್’ ನಿಜವಾದ ಮಾರಾಟ ಅಲ್ಲ. ಷೇರು ಕೈಗೆ ಬಂದ ದಿನವೇ ಅದರ ಮೇಲೆ ಆದಾಯ ತೆರಿಗೆ ಬೀಳುತ್ತದೆ, ಅದಕ್ಕೆ ಒಂದಷ್ಟು ಷೇರು ಕಡಿತ ಆಗುತ್ತದೆ. ಕೆಲವು ಕಂಪನಿಗಳಲ್ಲಿ ಅದೇ ತೆರಿಗೆಗಾಗಿ ಷೇರನ್ನು ಪೇಟೆಯಲ್ಲೇ ಮಾರುತ್ತಾರೆ. ಆಗ ಕೋಡ್ ‘ಎಸ್’ ಎಂದೇ ಬರುತ್ತದೆ, ಕಾರಣ ಅಡಿಟಿಪ್ಪಣಿಯಲ್ಲಿ ಇರುತ್ತದೆ. ಅಡಿಟಿಪ್ಪಣಿ ಓದದೆ ಫಾರ್ಮ್ 4 ಮುಚ್ಚಬೇಡಿ. ಒಂದೇ ದಿನ ಹತ್ತು ಅಧಿಕಾರಿಗಳು ಒಟ್ಟಿಗೆ ‘ಮಾರಿದ್ದರೆ’ ಬಹುಪಾಲು ಸಲ ಅದು ತೆರಿಗೆಯ ದಿನ.

ಸೆಡಿಯಲ್ಲಿ ಅಕ್ಷರದ ಬದಲು ಅಂಕೆ ಇರುತ್ತದೆ. 10 ಎಂದರೆ ಪೇಟೆಯಲ್ಲಿ ಕೊಂಡದ್ದು ಅಥವಾ ಮಾರಿದ್ದು. ಷೇರಿನ ಸಂಖ್ಯೆಯ ಮುಂದೆ ಕೂಡು ಚಿಹ್ನೆ ಇದೆಯೋ ಕಳೆ ಚಿಹ್ನೆಯೋ ನೋಡಿ. 50 ಎಂದರೆ ಆಪ್ಷನ್ ಕೊಟ್ಟದ್ದು, 51 ಎಂದರೆ ಆಪ್ಷನ್ ಬಳಸಿಕೊಂಡದ್ದು. 16 ಬಂದರೆ ಸ್ವಲ್ಪ ನಿಲ್ಲಿ. ಅದು ಕಂಪನಿ ನೇರವಾಗಿ ಕೆಲವರಿಗೆ ಷೇರು ಮಾರಿ ಹಣ ಎತ್ತಿದಾಗ ಬರುವ ಕೋಡ್. ಕಷ್ಟದಲ್ಲಿರುವ ಸಣ್ಣ ಗಾಂಜಾ ಕಂಪನಿಗಳಲ್ಲಿ ಇದು ಮಾಮೂಲು. ಒಳಗಿನವರೂ ಅದರಲ್ಲಿ ಭಾಗವಹಿಸುತ್ತಾರೆ. ‘ಅವರೂ ದುಡ್ಡು ಹಾಕಿದ್ದಾರೆ’ ಎಂಬ ಸುದ್ದಿ ಹರಡುತ್ತದೆ. ಹಾಕಿರುವುದು ನಿಜವೇ. ಆದರೆ ಅಂಥ ಕಡೆ ಪೇಟೆಗಿಂತ ಕಡಿಮೆ ಬೆಲೆ ಇರಬಹುದು, ಜೊತೆಗೆ ಮುಂದೆ ಇಂತಿಷ್ಟು ಬೆಲೆಗೆ ಮತ್ತೆ ಕೊಳ್ಳುವ ಹಕ್ಕು, ಅಂದರೆ ವಾರಂಟ್, ಸಿಗಬಹುದು. ನೀವು ಪೇಟೆಯಲ್ಲಿ ಕೊಂಡರೆ ಆ ವಾರಂಟ್ ನಿಮಗಿಲ್ಲ.

ಕೊನೆಗೆ ವ್ಯವಹಾರದ ನಂತರ ಅವರ ಬಳಿ ಉಳಿದ ಷೇರಿನ ಕಾಲಂ ನೋಡಿ. 5 ಲಕ್ಷ ಷೇರು ಇರುವವರು 20 ಸಾವಿರ ಮಾರಿದರೆ ಅದು ಮನೆಖರ್ಚಿಗೋ ಮಗಳ ಕಾಲೇಜಿಗೋ ಇರಬಹುದು. 5 ಲಕ್ಷದಲ್ಲಿ 4 ಲಕ್ಷ ಮಾರಿದರೆ ಮಾತೇ ಬೇರೆ. ಕೊಂಡಿದ್ದಕ್ಕೂ ಇದೇ ಅಳತೆ. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಂಬಳ ತೆಗೆದುಕೊಳ್ಳುವ ಸಿಇಒ 15 ಸಾವಿರ ಡಾಲರ್‌ನ ಷೇರು ಕೊಂಡರೆ ಅದು ಊರಿಗೆ ಕಾಣಲೆಂದು ಕೊಂಡದ್ದು ಎಂದೇ ನನ್ನ ಅಭಿಪ್ರಾಯ.

ಹೆಜ್ಜೆ 4: ದಿನಾಂಕಗಳನ್ನು ಅಕ್ಕಪಕ್ಕ ಇಡಿ

ಒಂದು ಹಾಳೆಯಲ್ಲಿ ಎಡಗಡೆ ಒಳಗಿನವರ ವ್ಯವಹಾರದ ದಿನ, ಬಲಗಡೆ ಕಂಪನಿಯ ಸುದ್ದಿಯ ದಿನ ಬರೆಯಿರಿ. ಫಲಿತಾಂಶ, ಹಣ ಎತ್ತಿದ್ದು, ಲೈಸೆನ್ಸ್, ಅಧಿಕಾರಿ ರಾಜೀನಾಮೆ, ಎಲ್ಲ ಬರಲಿ. ಫಲಿತಾಂಶಕ್ಕೆ ಮುಂಚಿನ ವಾರಗಳಲ್ಲಿ ಒಳಗಿನವರು ವ್ಯವಹಾರ ಮಾಡದಂತೆ ಕಂಪನಿಗಳೇ ಕಿಟಕಿ ಮುಚ್ಚಿಡುತ್ತವೆ. ಆ ಹೊತ್ತಲ್ಲಿ ಮಾರಾಟ ಕಂಡರೆ ಅಡಿಟಿಪ್ಪಣಿಯಲ್ಲಿ ‘10ಬಿ5-1’ ಎಂಬ ಮಾತು ಹುಡುಕಿ. ಅದು ತಿಂಗಳುಗಳ ಮುಂಚೆಯೇ ಬರೆದಿಟ್ಟ ಮಾರಾಟದ ಯೋಜನೆ. 2023ರಿಂದ ಅಮೆರಿಕದಲ್ಲಿ ಈ ನಿಯಮ ಬಿಗಿಯಾಗಿದೆ. ಡೈರೆಕ್ಟರುಗಳು, ಅಧಿಕಾರಿಗಳು ಯೋಜನೆ ಬರೆದ ಮೇಲೆ ಕನಿಷ್ಠ 90 ದಿನ ಕಾಯಬೇಕು. ಫಾರ್ಮ್ 4ರಲ್ಲೇ ಅದಕ್ಕೊಂದು ಗುರುತು ಹಾಕುವ ಚೌಕ ಬಂದಿದೆ.

ದಿನಾಂಕ ಹೊಂದಿಕೆಯಾದರೂ ತೀರ್ಪು ಕೊಡಲು ಹೋಗಬೇಡಿ. ಕ್ಯಾನ್‌ಟ್ರಸ್ಟ್ ಎಂಬ ಕಂಪನಿಯ ಕಥೆ ಇದಕ್ಕೆ ಸಾಕ್ಷಿ. ಒಂಟಾರಿಯೊದ ಪೆಲಂ ಊರಿನಲ್ಲಿ ಅವರ ದೊಡ್ಡ ಹಸಿರುಮನೆ ಇತ್ತು. ಅಲ್ಲಿ ಲೈಸೆನ್ಸ್ ಇಲ್ಲದ ಕೋಣೆಗಳಲ್ಲಿ ಗಾಂಜಾ ಬೆಳೆದಿದ್ದಾರೆ ಎಂದು ಅಲ್ಲಿನ ಆರೋಗ್ಯ ಇಲಾಖೆ ಹೆಲ್ತ್ ಕೆನಡಾ ಕಂಡುಕೊಂಡದ್ದು 2019ರ ಜುಲೈನಲ್ಲಿ ಹೊರಬಿತ್ತು. ಷೇರು ಕುಸಿಯಿತು. 2020ರ ಮಾರ್ಚ್ ಕೊನೆಗೆ ಕಂಪನಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. 2021ರ ಜೂನ್‌ನಲ್ಲಿ ಮೂವರು ಮಾಜಿ ಮುಖ್ಯಸ್ಥರ ಮೇಲೆ ಆರೋಪ ಹೊರಿಸಿದರು. ಇಬ್ಬರ ಮೇಲೆ ಒಳಗಿನ ಮಾಹಿತಿ ಇಟ್ಟುಕೊಂಡು ವ್ಯವಹಾರ ಮಾಡಿದ ಆರೋಪವೂ ಸೇರಿತ್ತು. 2022ರ ಡಿಸೆಂಬರ್‌ನಲ್ಲಿ ಮೂವರೂ ಖುಲಾಸೆಯಾದರು. ತನಿಖೆ ಮಾಡುವ ಅಧಿಕಾರ ಇದ್ದವರೂ ಕೋರ್ಟಿನಲ್ಲಿ ಗೆಲ್ಲಲಿಲ್ಲ. ಸೆಡಿಯ ನಾಲ್ಕು ಸಾಲು ನೋಡಿ ನೀವು ನಾನು ಯಾರನ್ನಾದರೂ ಕಳ್ಳ ಎನ್ನುವುದು ಸರಿಯಲ್ಲ.

ಇದರಲ್ಲಿ ಇನ್ನೊಂದು ಪಾಠವೂ ಇದೆ. ಆ ಹಸಿರುಮನೆಯ ಕೋಣೆಗಳ ವಿಷಯ ಹೊರಗಿನ ಷೇರುದಾರನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನಮಗೆ ಕಾಣುವುದರಲ್ಲಿ ನಾವು ಚೆನ್ನಾಗಿ ನೋಡಬಹುದಾದದ್ದು ಒಂದೇ: ಕಂಪನಿಯ ಹಣ. ಈಗ ಅದಕ್ಕೆ ಬರೋಣ.

ಹೆಜ್ಜೆ 5: ಹಣ ಎಷ್ಟು ದಿನಕ್ಕಿದೆ ಎಂದು ಎಣಿಸಿ

ಲಾಭ ನಷ್ಟದ ಪಟ್ಟಿಯಿಂದ ಶುರು ಮಾಡಬೇಡಿ. ಗಾಂಜಾ ಕಂಪನಿಗಳಲ್ಲಿ ಅದು ದಾರಿ ತಪ್ಪಿಸುತ್ತದೆ. ಕಾರಣ ಹೇಳುತ್ತೇನೆ. ಕೆನಡಾದ ಎಷ್ಟೋ ಕಂಪನಿಗಳು ಅಂತರರಾಷ್ಟ್ರೀಯ ಲೆಕ್ಕ ಪದ್ಧತಿ ಬಳಸುತ್ತವೆ. ಅದರಲ್ಲಿ ಬೆಳೆಯುತ್ತಿರುವ ಗಿಡಕ್ಕೂ ಮಾರುಕಟ್ಟೆ ಬೆಲೆ ಕಟ್ಟಬೇಕು. ಗಿಡ ಬೆಳೆದಷ್ಟೂ ಪುಸ್ತಕದಲ್ಲಿ ಲಾಭ ಏರುತ್ತದೆ. ಮಲೆನಾಡಿನ ಕಡೆ ಅಡಿಕೆ ತೋಟ ಚೇಣಿಗೆ ಕೊಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗೊನೆ ಮರದ ಮೇಲೆ ಇರುವಾಗ ಹಾಕಿದ ಅಂದಾಜು ಬೇರೆ, ಅಡಿಕೆ ಮಾರಿ ಕೈಗೆ ಬಂದ ದುಡ್ಡು ಬೇರೆ. 2019ರಿಂದ ಈಚೆಗೆ ಕೆನಡಾದಲ್ಲಿ ಬೆಳೆದದ್ದು ಜಾಸ್ತಿಯಾಗಿ ಬೆಲೆ ಬಿದ್ದಾಗ, ಪುಸ್ತಕದ ಲಾಭ ಗೋದಾಮಿನಲ್ಲೇ ಒಣಗಿತು. ಅದನ್ನೆಲ್ಲ ನಷ್ಟ ಎಂದು ಬರೆದು ಹಾಕಬೇಕಾಯಿತು.

ಹಾಗಾಗಿ ಮೊದಲು ಕ್ಯಾಶ್ ಫ್ಲೋ ಪಟ್ಟಿ ತೆರೆಯಿರಿ. ಅದರಲ್ಲಿ ಮೂರು ಭಾಗ ಇವೆ: ವ್ಯಾಪಾರದಿಂದ ಬಂದು ಹೋದ ಹಣ, ಆಸ್ತಿ ಕೊಂಡು ಮಾರಿದ ಹಣ, ಸಾಲ ಮತ್ತು ಷೇರಿನಿಂದ ಎತ್ತಿದ ಹಣ. ಮೊದಲ ಭಾಗದ ಕೊನೆಯ ಸಾಲು ಸತತ ನಾಲ್ಕು ತ್ರೈಮಾಸಿಕದಲ್ಲಿ ಎಷ್ಟಿತ್ತು ಎಂದು ಬರೆದುಕೊಳ್ಳಿ. ಕೆಲವು ಕಂಪನಿಗಳು ವರ್ಷದ ಆರಂಭದಿಂದ ಕೂಡಿಸಿ ತೋರಿಸುತ್ತವೆ, ಆಗ ಹಿಂದಿನದನ್ನು ಕಳೆದುಕೊಳ್ಳಬೇಕು.

ಎರಡನೇ ಭಾಗದಲ್ಲಿ ಬಂದ ಹಣವನ್ನು ಆದಾಯ ಎಂದುಕೊಳ್ಳಬೇಡಿ. ಕ್ಯಾನಪಿ ಗ್ರೋತ್‌ನ ಕೇಂದ್ರ ಒಂಟಾರಿಯೊದ ಸ್ಮಿತ್ಸ್ ಫಾಲ್ಸ್ ಊರಿನಲ್ಲಿ, ಹರ್ಷೀಸ್ ಚಾಕೊಲೇಟ್ ಬಿಟ್ಟುಹೋದ ಹಳೇ ಕಾರ್ಖಾನೆಯಲ್ಲಿತ್ತು. 2023ರಲ್ಲಿ ಅದನ್ನು ಮತ್ತೆ ಹರ್ಷೀಸ್‌ಗೇ ಸುಮಾರು 5.3 ಕೋಟಿ ಕೆನಡಾ ಡಾಲರ್‌ಗೆ ಮಾರಿದರು. ಖರ್ಚು ಕಡಿಮೆ ಮಾಡಲು ಅದು ಬೇಕಾದ ಹೆಜ್ಜೆಯೇ. ಆದರೆ ಕಟ್ಟಡವನ್ನು ಒಂದೇ ಸಲ ಮಾರಬಹುದು. ಮುಂದಿನ ವರ್ಷ ಆ ಸಾಲಿನಲ್ಲಿ ಏನೂ ಬರುವುದಿಲ್ಲ.

ಈಗ ಎಣಿಕೆ. ಒಂದು ಕಂಪನಿಯ ಬಳಿ 6 ಕೋಟಿ ಡಾಲರ್ ನಗದು ಇದೆ ಎಂದುಕೊಳ್ಳೋಣ. ಒಂದು ತ್ರೈಮಾಸಿಕಕ್ಕೆ 1.5 ಕೋಟಿ ಕರಗುತ್ತಿದೆ. ಮೇಲ್ನೋಟಕ್ಕೆ ನಾಲ್ಕು ತ್ರೈಮಾಸಿಕ, ಅಂದರೆ ಒಂದು ವರ್ಷ. ಬ್ಯಾಲೆನ್ಸ್ ಶೀಟ್‌ನಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದ ಸಾಲದ ಸಾಲು ನೋಡಿ. ಅಲ್ಲಿ 2 ಕೋಟಿಯ ಡಿಬೆಂಚರ್, ಅಂದರೆ ಸಾಲಪತ್ರ, ಇದೆ. ತೆರಿಗೆ ಬಾಕಿ 1 ಕೋಟಿ ಇದೆ. ಉಳಿದದ್ದು 3 ಕೋಟಿ. ಒಂದು ವರ್ಷ ಅಂದದ್ದು ಆರು ತಿಂಗಳಾಯಿತು. ಈ ಆರು ತಿಂಗಳು ಎಂಬ ಸಂಖ್ಯೆ, ಸಿಇಒ ಷೇರು ಮಾರಿದರೋ ಇಲ್ಲವೋ ಎಂಬುದಕ್ಕಿಂತ ನೂರು ಪಾಲು ಮುಖ್ಯ.

ತೆರಿಗೆ ಬಾಕಿಯನ್ನು ಯಾಕೆ ಬೇರೆಯಾಗಿ ಹೇಳಿದೆ ಎಂದರೆ ಗಾಂಜಾ ವ್ಯಾಪಾರದಲ್ಲಿ ಅದೇ ಕೊರಳಿಗೆ ಉರುಳು. ಕೆನಡಾದಲ್ಲಿ ಒಣ ಗಾಂಜಾದ ಮೇಲೆ ಅಬಕಾರಿ ಸುಂಕ ಗ್ರಾಂಗೆ 1 ಡಾಲರ್ ಅಥವಾ ಬೆಲೆಯ ಶೇಕಡಾ 10, ಯಾವುದು ಜಾಸ್ತಿಯೋ ಅದು. ಗ್ರಾಂಗೆ 10 ಡಾಲರ್ ಸಿಕ್ಕರೆ ಎರಡೂ ಒಂದೇ. ಬೆಳೆದವರಿಗೆ ಸಿಗುವ ಬೆಲೆ 3 ಡಾಲರ್‌ಗೆ ಇಳಿದರೆ ಮೂರರಲ್ಲಿ ಒಂದು ಪಾಲು ಸುಂಕಕ್ಕೇ ಹೋಗುತ್ತದೆ. ಕಷ್ಟದಲ್ಲಿರುವ ಕಂಪನಿಗಳು ಮೊದಲು ನಿಲ್ಲಿಸುವುದು ಈ ಸುಂಕ ಕಟ್ಟುವುದನ್ನು. ಅದಕ್ಕೇ ಒಟ್ಟು ಮಾರಾಟದ ಸಾಲು ಬಿಡಿ, ಸುಂಕ ಕಳೆದ ನಿವ್ವಳ ಮಾರಾಟದ ಸಾಲನ್ನು ಓದಿ. ಸುಂಕದ ಬಾಕಿ ಎಷ್ಟಿದೆ ಎಂದು ಟಿಪ್ಪಣಿಗಳಲ್ಲಿ ಹುಡುಕಿ.

ಅಮೆರಿಕದಲ್ಲಿ ಉರುಳಿನ ಹೆಸರು 280ಇ. 1982ರ ಈ ಕಲಮಿನ ಪ್ರಕಾರ, ಒಕ್ಕೂಟ ಕಾನೂನಿನ ಮೊದಲ ಎರಡು ಪಟ್ಟಿಗಳಲ್ಲಿರುವ ಮಾದಕ ವಸ್ತು ಮಾರುವವರು ಬಾಡಿಗೆ, ಸಂಬಳ, ಜಾಹೀರಾತಿನ ಖರ್ಚನ್ನು ತೆರಿಗೆಯಲ್ಲಿ ಕಳೆಯುವಂತಿಲ್ಲ. ಸರಕಿನ ವೆಚ್ಚ ಮಾತ್ರ ಕಳೆಯಬಹುದು. 100 ಡಾಲರ್ ಮಾರಾಟ, 50 ಸರಕಿನ ವೆಚ್ಚ, 45 ಬೇರೆ ಖರ್ಚು ಎಂದಿಟ್ಟುಕೊಳ್ಳಿ. ನಿಜವಾಗಿ ಉಳಿದದ್ದು 5 ಡಾಲರ್. ತೆರಿಗೆ ಮಾತ್ರ 50ರ ಮೇಲೆ, ಶೇಕಡಾ 21ರಂತೆ 10.50. ಲಾಭದಲ್ಲಿದ್ದ ಅಂಗಡಿ ತೆರಿಗೆ ಕಟ್ಟಿದ ಮೇಲೆ ನಷ್ಟದಲ್ಲಿದೆ. ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪ 2024ರ ಮೇ ತಿಂಗಳಲ್ಲಿ ಅಧಿಕೃತವಾಗಿ ಬಂತು. ಆ ಸುದ್ದಿ ಎದ್ದಾಗಲೆಲ್ಲ ಷೇರುಗಳೂ ಏಳುತ್ತವೆ. ಆದರೆ ಹಳೇ ವರ್ಷಗಳ ಬಾಕಿ ಪಟ್ಟಿ ಬದಲಾದ ಮಾತ್ರಕ್ಕೆ ಮಾಯವಾಗುವುದಿಲ್ಲ. ‘ಅನ್‌ಸರ್ಟನ್ ಟ್ಯಾಕ್ಸ್ ಪೊಸಿಷನ್’ ಎಂಬ ಸಾಲಿನಲ್ಲಿ ಅದು ಕೂತಿರುತ್ತದೆ.

ಕೊನೆಗೆ ‘ಗೋಯಿಂಗ್ ಕನ್ಸರ್ನ್’ ಎಂಬ ಎರಡು ಪದ ಹುಡುಕಿ. ಮುಂದಿನ ಒಂದು ವರ್ಷ ಕಂಪನಿ ನಡೆಯುತ್ತದೆಯೇ ಎಂಬ ಅನುಮಾನ ಇದ್ದರೆ ಅಲ್ಲಿ ಬರೆಯಲೇಬೇಕು. 2023ರ ಜೂನ್‌ನಲ್ಲಿ ಕ್ಯಾನಪಿ ಹಾಗೆ ಬರೆಯಿತು. ಅದಕ್ಕೆ ಒಂದು ತಿಂಗಳ ಮುಂಚೆ, ತನ್ನ ಬಯೋಸ್ಟೀಲ್ ಪಾನೀಯ ವ್ಯಾಪಾರದ ಮಾರಾಟದ ಲೆಕ್ಕದಲ್ಲಿ ತಪ್ಪಿದೆ, ಹಿಂದಿನ ಕೆಲವು ಫಲಿತಾಂಶಗಳನ್ನು ನಂಬಬೇಡಿ ಎಂದೂ ಹೇಳಿತ್ತು. ಅಂದರೆ ನೀವು ಶ್ರದ್ಧೆಯಿಂದ ಓದಿದ ಲೆಕ್ಕವೇ ಆಮೇಲೆ ಬದಲಾಗಬಹುದು. ಇಂಥ ಪ್ರಕಟಣೆ ಬಂದ ಕಂಪನಿಯಲ್ಲಿ ಬೆಲೆ ಬಿತ್ತು ಎಂದು ಹೊಸದಾಗಿ ಹಣ ಹಾಕಬೇಡಿ. ತಿದ್ದಿದ ಲೆಕ್ಕ ಬರಲಿ, ಓದಿ, ಆಮೇಲೆ ಯೋಚಿಸಿ. ಈ ಮಾತನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೆಜ್ಜೆ 6: ಷೇರುಗಳನ್ನು ಎಣಿಸಿ

ಆರು ತಿಂಗಳ ಹಣ ಇರುವ ಕಂಪನಿ ಏನು ಮಾಡುತ್ತದೆ? ಹೊಸ ಷೇರು ಮಾರುತ್ತದೆ. ಷೇರುದಾರರ ದುಡ್ಡು ಬಹುಪಾಲು ಕರಗಿದ್ದು ಇಲ್ಲಿ. ಒಳಗಿನವರ ಮಾರಾಟವನ್ನು ಎಲ್ಲರೂ ಬೆರಳು ಮಾಡಿ ತೋರಿಸುತ್ತಾರೆ. ಕಂಪನಿಯೇ ದಿನಾ ಪೇಟೆಯಲ್ಲಿ ಹೊಸ ಷೇರು ಮಾರುತ್ತಿದ್ದರೆ ಯಾರೂ ಕೇಳುವುದಿಲ್ಲ. ಮಜ್ಜಿಗೆಗೆ ನೀರು ಸುರಿದಂತೆ ಅದು. ಲೋಟ ತುಂಬಿಯೇ ಇರುತ್ತದೆ, ರುಚಿ ಹೋಗಿರುತ್ತದೆ.

ಪ್ರತಿ ವರದಿಯ ಮೊದಲ ಪುಟದಲ್ಲೋ ಷೇರು ಬಂಡವಾಳದ ಟಿಪ್ಪಣಿಯಲ್ಲೋ ಒಟ್ಟು ಷೇರಿನ ಸಂಖ್ಯೆ ಇರುತ್ತದೆ. ಮೂರು ವರ್ಷದ ಸಂಖ್ಯೆ ಒಂದರ ಕೆಳಗೊಂದು ಬರೆಯಿರಿ. ಜೊತೆಗೆ ವಾರಂಟ್, ಆಪ್ಷನ್, ಷೇರಾಗಿ ಬದಲಾಗಬಲ್ಲ ಸಾಲ, ಎಲ್ಲ ಕೂಡಿಸಿ. ‘ಅಟ್ ದ ಮಾರ್ಕೆಟ್’ ಎಂಬ ಮಾತು ಇದೆಯೇ ನೋಡಿ. ಇದ್ದರೆ ಕಂಪನಿ ಯಾವತ್ತು ಬೇಕಾದರೂ ಪೇಟೆ ಬೆಲೆಗೆ ಹೊಸ ಷೇರು ಬಿಡುವ ಏರ್ಪಾಡು ಮಾಡಿಕೊಂಡಿದೆ. ಬೆಲೆ ಸುಮ್ನೆ ಏರಿದ ದಿನ ಅದಕ್ಕೆ ಹಬ್ಬ. 2021ರ ಫೆಬ್ರುವರಿಯಲ್ಲಿ ಸಣ್ಣ ಹೂಡಿಕೆದಾರರು ಗಾಂಜಾ ಷೇರುಗಳಿಗೆ ಮುಗಿಬಿದ್ದಾಗ ಟಿಲ್‌ರೇ 60 ಡಾಲರ್ ದಾಟಿ, ಮರುದಿನವೇ ಹತ್ತಿರ ಹತ್ತಿರ ಅರ್ಧಕ್ಕೆ ಬಿತ್ತು. ಕ್ಯಾಲ್ಗರಿಯ ಸನ್‌ಡಯಲ್ ಕಂಪನಿ ಅದೇ ಗಾಳಿಯಲ್ಲಿ ಷೇರು ಮಾರಿ ಖಜಾನೆ ತುಂಬಿಕೊಂಡಿತು. ಕಂಪನಿ ಉಳಿಯಿತು. ಮೇಲಿನ ಬೆಲೆಗೆ ಕೊಂಡವರ ಹಣ ವಾಪಸ್ ಬರಲಿಲ್ಲ.

ಈ ಎಣಿಕೆಯಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ನ್ಯಾಸ್‌ಡ್ಯಾಕ್‌ನಲ್ಲಿ ಷೇರಿನ ಬೆಲೆ ಸತತ 30 ವಹಿವಾಟು ದಿನ 1 ಡಾಲರ್‌ಗಿಂತ ಕೆಳಗಿದ್ದರೆ ನೋಟಿಸ್ ಬರುತ್ತದೆ, ಸರಿಪಡಿಸಲು 180 ದಿನ ಸಿಗುತ್ತದೆ. ಆಗ ಕಂಪನಿ ಹತ್ತೋ ಹನ್ನೆರಡೋ ಷೇರುಗಳನ್ನು ಸೇರಿಸಿ ಒಂದು ಮಾಡುತ್ತದೆ. ಬೆಲೆ ದೊಡ್ಡದಾಗಿ ಕಾಣುತ್ತದೆ, ಷೇರಿನ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ. ಅರೋರಾ ಕ್ಯಾನಬಿಸ್ 2020ರ ಮೇನಲ್ಲಿ 12ಕ್ಕೆ 1 ಮಾಡಿತು, 2024ರ ಫೆಬ್ರುವರಿಯಲ್ಲಿ ಮತ್ತೆ 10ಕ್ಕೆ 1. ಮೊದಲು 1,200 ಷೇರು ಇದ್ದವರ ಬಳಿ ಈಗ 10. ಹೆಕ್ಸೊ ಎಂಬ ಕ್ವಿಬೆಕ್ ಕಂಪನಿ 2020ರಲ್ಲಿ 4ಕ್ಕೆ 1, 2022ರಲ್ಲಿ 14ಕ್ಕೆ 1 ಮಾಡಿತು. 56 ಷೇರು ಒಂದಾಯಿತು. 2023ರಲ್ಲಿ ಅದು ಟಿಲ್‌ರೇ ಪಾಲಾಯಿತು. ಹಳೇ ವರದಿಯ ಸಂಖ್ಯೆಯನ್ನು ಹೊಸದರ ಜೊತೆ ಹೋಲಿಸುವಾಗ ಈ ಭಾಗಾಕಾರ ಮಾಡಲೇಬೇಕು. ಮಾಡದಿದ್ದರೆ ಷೇರು ಕಮ್ಮಿಯಾಗಿದೆ, ಕಂಪನಿ ಶಿಸ್ತಿಗೆ ಬಂದಿದೆ ಎಂದು ಖುಷಿಪಡುತ್ತೀರಿ. ಫಾರ್ಮ್ 4ರ ಹಳೇ ಸಂಖ್ಯೆಗಳಿಗೂ ಇದೇ ಲೆಕ್ಕ.

ಹೆಜ್ಜೆ 7: ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿ

ಒಳಗಿನವರು ‘ಪಿ’ ಕೋಡ್‌ನಲ್ಲಿ ಕೊಂಡಿದ್ದಾರೆ, ಹಣ ಎರಡು ವರ್ಷಕ್ಕಿದೆ, ಷೇರಿನ ಸಂಖ್ಯೆ ಏರುತ್ತಿಲ್ಲ ಎಂದರೆ ಕೊಳ್ಳುವಿಕೆಗೆ ಅರ್ಥವಿದೆ. ಅದೇ ಕೊಳ್ಳುವಿಕೆ ಆರು ತಿಂಗಳ ಹಣ ಇರುವಲ್ಲಿ ಕಂಡರೆ, ಮುಂದಿನ ವಾರಗಳಲ್ಲಿ ಹೊಸ ಷೇರು ಬರುತ್ತದೆಯೇ ಎಂದು ಕಾದು ನೋಡಿ. ಯಾರೂ ಮಾರಿಲ್ಲ ಎಂಬುದೂ ಸಮಾಧಾನದ ವಿಷಯವಲ್ಲ. ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಗುವ ಮಾತುಕತೆ ನಡೆಯುತ್ತಿದ್ದರೆ ಒಳಗಿನವರು ಮಾರುವಂತೆಯೇ ಇಲ್ಲ. ಮಾರಾಟ ಕಾಣಿಸದಿರುವುದೇ ಕೆಟ್ಟ ಸುದ್ದಿಯ ನೆರಳಾಗಿರಬಹುದು.

ದೊಡ್ಡ ಷೇರುದಾರರೇ ಸಾಲ ಕೊಟ್ಟವರೂ ಆಗಿದ್ದಾರೆಯೇ ನೋಡಿ. ಕಂಪನಿ ಮುಳುಗಿದಾಗ ಸಾಲ ಕೊಟ್ಟವರು ಸಾಲಿನಲ್ಲಿ ಮುಂದೆ, ಷೇರುದಾರರು ಕೊನೆಗೆ. ಲಾಸ್ ಏಂಜಲೀಸ್‌ನ ಮೆಡ್‌ಮೆನ್ 2024ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು. ಒಂದು ಕಾಲದಲ್ಲಿ ಗಾಂಜಾ ಅಂಗಡಿಗಳಲ್ಲೇ ದೊಡ್ಡ ಹೆಸರು ಅದು. 2020ರ ಜನವರಿಯಲ್ಲೇ ಸರಕು ಕೊಟ್ಟವರಿಗೆ ದುಡ್ಡಿನ ಬದಲು ಷೇರು ಕೊಡಲು ಮುಂದಾಗಿತ್ತು. ಅಂಗಡಿಯವನು ತರಕಾರಿಗೆ ಚೀಟಿ ಬರೆದುಕೊಡಲು ಶುರು ಮಾಡಿದ ಮೇಲೆ ನಾಲ್ಕು ವರ್ಷ ಟೈಮ್ ಇತ್ತು ಹೊರಬರಲು.

ಹೆಜ್ಜೆ 8: ನಿಮ್ಮ ಕೈಯನ್ನೂ ಶುಚಿಯಾಗಿಟ್ಟುಕೊಳ್ಳಿ

ಬೆಂಗಳೂರಿನಲ್ಲಿ ಕೂತು ಹೊರದೇಶದ ಕಂಪನಿಗಳ ಲೆಕ್ಕ, ಆಡಿಟ್, ಸಾಫ್ಟ್‌ವೇರ್ ನೋಡಿಕೊಳ್ಳುವವರು ನಮ್ಮಲ್ಲಿ ಬಹಳ ಜನ. ಫಲಿತಾಂಶ ಹೊರಬರುವ ಮುಂಚೆ ಆ ಅಂಕಿ ನಿಮ್ಮ ಪರದೆಯ ಮೇಲೆ ಬಂದರೆ ನೀವೂ ಒಳಗಿನವರೇ. ಭಾವನಿಗೆ ಒಂದು ಮಾತು ಹೇಳಿ ಅವರು ಷೇರು ಮಾರಿದರೆ, ಹೇಳಿದವರೂ ಮಾರಿದವರೂ ಇಬ್ಬರೂ ಸಿಕ್ಕಿಬೀಳುತ್ತಾರೆ. ಕೆನಡಾ ಅಮೆರಿಕ ಎರಡೂ ಕಡೆ ಕಾನೂನು ಹೀಗೇ ಇದೆ.

ನಿಜವಾಗಿ ಏನಾದರೂ ಗೊತ್ತಿದ್ದರೆ ಹೇಳುವ ಜಾಗ ಇದೆ. ಒಂಟಾರಿಯೊ ಸೆಕ್ಯುರಿಟೀಸ್ ಕಮಿಷನ್ 2016ರಿಂದ ಮಾಹಿತಿದಾರರಿಗೆ 50 ಲಕ್ಷ ಕೆನಡಾ ಡಾಲರ್‌ವರೆಗೆ ಬಹುಮಾನ ಕೊಡುವ ವ್ಯವಸ್ಥೆ ಇಟ್ಟಿದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ, ದಂಡ 10 ಲಕ್ಷ ಡಾಲರ್ ದಾಟಿದ ಪ್ರಕರಣಗಳಲ್ಲಿ ವಸೂಲಾದದ್ದರ ಶೇಕಡಾ 10ರಿಂದ 30ರವರೆಗೆ ಕೊಡುತ್ತದೆ. ಬರೀ ಅನುಮಾನ ಇದ್ದರೆ ಹೆಸರು ಹಿಡಿದು ಎಲ್ಲೂ ಬರೆಯಬೇಡಿ.

ಮಾರಬೇಕೆಂದು ತೀರ್ಮಾನಿಸಿದರೆ

ನಷ್ಟವನ್ನು ಕಾಗದದಲ್ಲಿ ಸರಿಯಾಗಿ ದಾಖಲಿಸಿ, ಸ್ವಲ್ಪವಾದರೂ ವಾಪಸ್ ಬರುತ್ತದೆ. ಕೆನಡಾದಲ್ಲಿ ಷೇರಿನ ನಷ್ಟವನ್ನು ಷೇರಿನ ಲಾಭದ ಎದುರು ಮೂರು ವರ್ಷ ಹಿಂದಕ್ಕೆ ಒಯ್ಯಬಹುದು, ಮುಂದಕ್ಕೆ ಎಷ್ಟು ವರ್ಷ ಬೇಕಾದರೂ. ಮಾರಿದ ದಿನದ ಹಿಂದು ಮುಂದಿನ 30 ದಿನದಲ್ಲಿ ನೀವೋ ನಿಮ್ಮ ಹೆಂಡತಿ ಅಥವಾ ಗಂಡನೋ ಅದೇ ಷೇರು ಕೊಂಡು ಇಟ್ಟುಕೊಂಡರೆ ಆ ನಷ್ಟ ಸದ್ಯಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಟಿಎಫ್‌ಎಸ್‌ಎ ಎಂಬ ತೆರಿಗೆ ಇಲ್ಲದ ಉಳಿತಾಯ ಖಾತೆಯಲ್ಲಿದ್ದ ಷೇರಿನ ನಷ್ಟಕ್ಕಂತೂ ಏನೂ ಸಿಗುವುದಿಲ್ಲ. ನನ್ನದು ಅಲ್ಲೇ ಇತ್ತು. ಅಮೆರಿಕದಲ್ಲಿ ಲಾಭದ ಎದುರು ಕಳೆದು ಉಳಿದ ನಷ್ಟದಲ್ಲಿ ವರ್ಷಕ್ಕೆ 3,000 ಡಾಲರ್‌ವರೆಗೆ ಸಂಬಳದಂಥ ಆದಾಯದಿಂದ ಕಳೆಯಬಹುದು, ಮಿಕ್ಕಿದ್ದು ಮುಂದಿನ ವರ್ಷಕ್ಕೆ.

ಕರ್ನಾಟಕದಲ್ಲೇ ಇದ್ದು ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಎಲ್‌ಆರ್‌ಎಸ್ ದಾರಿಯಲ್ಲಿ ದುಡ್ಡು ಕಳಿಸಿ ಕೊಂಡವರು ಒಂದು ಕೆಲಸ ಮರೆಯಬಾರದು. ಷೇರಿನ ಬೆಲೆ ಪೈಸೆಗೆ ಇಳಿದಿದ್ದರೂ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ಬರೆಯುವ ಶೆಡ್ಯೂಲ್ ಎಫ್‌ಎಯಲ್ಲಿ ಅದನ್ನು ತೋರಿಸಬೇಕು. ಅಲ್ಲಿ ಎಣಿಸುವುದು ಜನವರಿಯಿಂದ ಡಿಸೆಂಬರ್, ನಮ್ಮ ಏಪ್ರಿಲ್ ಮಾರ್ಚ್ ಅಲ್ಲ. ವರ್ಷದ ನಡುವೆ ಮಾರಿದ್ದರೂ ಬರೆಯಬೇಕು. ಮಾರುವ ಮುಂಚೆ ಬ್ರೋಕರ್ ತಾಣದಿಂದ ಕೊಂಡ ದಿನದ ಚೀಟಿ, ಷೇರು ಒಗ್ಗೂಡಿಸಿದ ನೋಟಿಸ್ ಇಳಿಸಿಟ್ಟುಕೊಳ್ಳಿ. 1,200 ಷೇರು 10 ಆದದ್ದು ಹೇಗೆಂದು ನಿಮ್ಮ ಸಿಎ ಕೇಳಿಯೇ ಕೇಳುತ್ತಾರೆ.